ಉತ್ತರ ಕೊಡದ ದೇವಿ, ಗಂಗತ್ತೆಯ ತೆಂಗಿನ ಸಸಿ

ನಿನ್ನೆ ಕುಮಟೆಯಲ್ಲಿ ಬಸ್ಸು ಹತ್ತಿ ಕೂತಿದ್ದೆ. ಸರಕಾರ ಉಳಿಯುತ್ತದೋ ಬೀಳುತ್ತದೋ ಎಂದು ಬಸ್ಸಿಡೀ ಜಗಳ. ಅಷ್ಟರಲ್ಲಿ ಎದುರು ನಿಂತಿದ್ದ ಹೆಂಗಸಿನ ಮುಡಿಯಿಂದ ಅಬ್ಬಲಿಗೆ ಹೂವೊಂದು ನನ್ನ ಬಲ ಮೊಣಕಾಲಿನ ಮೇಲೆ ಬಿತ್ತು. ‘ಕೆಲಸ ಆತು’ ಎಂದಿತು ಮನಸ್ಸು. ಯಾವ ಕೆಲಸ? ನನಗೇ ಗೊತ್ತಿರಲಿಲ್ಲ. ನಗಬೇಡಿ. ನಮ್ಮ ಕಡೆಯವರಿಗೆ ಬಲಕ್ಕೆ ಹೂ ಬಿದ್ದರೆ ಸಾಕು, ಉಳಿದದ್ದನ್ನು ಆಮೇಲೆ ವಿಚಾರಿಸುತ್ತೇವೆ.

ನನಗೆ ಈ ಚಟ ಹಚ್ಚಿದವಳು ಹಳದೀಪುರದ ಗಂಗತ್ತೆ, ಅಪ್ಪನ ಅಕ್ಕ. ಅವಳ ಮನೆ ಹೆದ್ದಾರಿಯ ಅಂಚಿನಲ್ಲಿದೆ. ಗಂಡ ತೀರಿಕೊಂಡ ಮೇಲೆ ತಾನೇ ನಿಂತು, ಒಂದೊಂದು ಚಿರೇಕಲ್ಲಿಗೂ ಬೈದು ಕಟ್ಟಿಸಿದ ಮನೆ. ರಸ್ತೆ ಅಗಲ ಮಾಡುವವರು ಬಂದು ಅಂಗಳದಲ್ಲಿ ಗುರುತಿನ ಕಲ್ಲು ಹುಗಿದರು. ಸರಕಾರ ಬದಲಾಯಿತು, ಕಲ್ಲು ಕಿತ್ತರು. ಮತ್ತೆ ಬದಲಾಯಿತು, ಈ ಸಲ ಕಲ್ಲು ಅಡುಗೆಮನೆಯ ಬಾಗಿಲಿಗೇ ಬಂತು. ಅಲ್ಲಿ ಶಾಸಕರು ರೆಸಾರ್ಟಿಗೆ ಹೊರಟರೆ ಇಲ್ಲಿ ಗಂಗತ್ತೆಗೆ ಊಟ ಸೇರುತ್ತಿರಲಿಲ್ಲ.

ಕಡೆಗೆ ದೇವಿಯ ಹತ್ತಿರ ಪ್ರಸಾದ ಕೇಳುವುದೆಂದಾಯಿತು. ಭಟ್ಟರು ದೇವಿಯ ಎರಡೂ ಭುಜಕ್ಕೆ ಒದ್ದೆ ಎಸಳು ಅಂಟಿಸುತ್ತಾರೆ. ಬಲಗಡೆಯದು ಉದುರಿದರೆ ಹೌದು, ಎಡಗಡೆಯದಾದರೆ ಇಲ್ಲ. ನಾನೂ ಜೊತೆಗೆ ಹೋಗಿದ್ದೆ. ಪೂಜೆ ಮುಗಿದ ಮೇಲೆ ಪಾಯಸ ಇದೆ ಎಂಬುದಷ್ಟೇ ಅಂದಿನ ನನ್ನ ಭಕ್ತಿ.

“ಮನೆ ಉಳೀತದಾ ತಾಯೀ?” ಎಂದಳು ಅತ್ತೆ. ಎಸಳು ಅಲ್ಲಾಡಲಿಲ್ಲ. ಅರ್ಧ ಗಂಟೆಯಾಯಿತು. “ಅಂಗಳ ಬೇಕಾದ್ರೆ ತಕಾ. ಮನೆ?” ಊಹೂಂ. “ಅಡುಗೆಮನೆ ಒಂದಾದ್ರೂ?” ದೇವಿಯ ಜೊತೆಗಿನ ಚೌಕಾಸಿ ಹೊನ್ನಾವರದ ಮೀನುಪೇಟೆಯನ್ನು ಮೀರಿಸಿತು. ನಾನು ಬೆವರು ತಾಳಲಾರದೆ ಪಕ್ಕದಲ್ಲಿದ್ದ ಸ್ಟ್ಯಾಂಡ್ ಫ್ಯಾನಿನ ಗುಂಡಿ ಒತ್ತಿದೆ. ಅದರ ಮುಖ ಗರ್ಭಗುಡಿಯ ಕಡೆಗಿತ್ತು. ಎರಡೂ ಎಸಳು ಒಟ್ಟಿಗೆ ಹಾರಿ ಭಟ್ಟರ ಹೊಟ್ಟೆಗೆ ಅಂಟಿದವು.

“ಎಂತ ಮಾಡ್ದೆ ಮಾರಾಯಾ!” ಭಟ್ಟರು ಕಣ್ಣು ಕೆಂಪಗೆ ಮಾಡಿದರು. “ಇದು ಲೆಕ್ಕಕ್ಕಿಲ್ಲ. ದೇವಿ ಎಂತದೂ ಹೇಳ್ಲಿಲ್ಲ.”

ಹೆದರಿ ಅತ್ತೆಯ ಮುಖ ನೋಡಿದೆ. ಅದು ಅರಳಿತ್ತು! “ಇಲ್ಲ ಅಂತೂ ಹೇಳ್ಲಿಲ್ಲ ಅಲ್ದಾ ಭಟ್ರೇ? ಇಷ್ಟೊತ್ತು ಕೂತ್ರೂ ಎಡದ್ದು ಬೀಳ್ಲಿಲ್ಲ. ಆತು, ಸಾಕು.”

ಅದೇ ಸಂಜೆ ಅವಳು ಕಲ್ಲಿಗೂ ರಸ್ತೆಗೂ ನಡುವೆ, ಸರಕಾರ ತನ್ನದೆಂದ ಜಾಗದಲ್ಲಿ, ಒಂದು ತೆಂಗಿನ ಸಸಿ ನೆಟ್ಟಳು.

“ಇದು ಕಾಯಿ ಬಿಡೂದ್ರೊಳಗೆ ರಸ್ತೆ ಬರ್ತದೆ ಅತ್ತೆ” ಎಂದೆ.

“ರಸ್ತೆಯವ್ರಿಗೆ ಅಷ್ಟು ನಂಬಿಕೆ ಇದ್ರೆ ನಂಗೆ ಇರ್ಬಾರ್ದನಾ?”

ಇದನ್ನು ನಾನು ಶಿರಾಲಿಯಿಂದ ಕುಮಟೆಯವರೆಗೆ ಸಿಕ್ಕಸಿಕ್ಕವರಿಗೆಲ್ಲ ಹೇಳಿ ನಕ್ಕಿದ್ದೇನೆ. ರಸ್ತೆ ಬರುವ ಮೊದಲೇ ಕಾಯಿ ಬಿಟ್ಟ ಆ ಮರದ ಎಳನೀರು ಕುಡಿಯುತ್ತಲೇ ನಕ್ಕದ್ದೂ ಉಂಟು, ನಾಚಿಕೆ ಇಲ್ಲದವನು.

ಈಗ ಸರಕಾರ ಮತ್ತೆ ಅಲ್ಲಾಡುತ್ತಿದೆ, ಅಳತೆಯವರು ಮತ್ತೆ ಬಂದಿದ್ದಾರೆ. ಅದಕ್ಕೇ ಮೊನ್ನೆ ಗಂಗತ್ತೆ ಫೋನು ಮಾಡಿದಳು: ಎರಡನೇ ಸಸಿ ನೆಡಬೇಕಂತೆ, ಅವಳಿಗೆ ಸೊಂಟ ನೋವು, ಗುಂಡಿ ನಾನು ತೋಡಬೇಕಂತೆ. ನಿನ್ನೆ ಹಳದೀಪುರದಲ್ಲಿ ಬಸ್ಸಿಳಿದವನೇ ಗುದ್ದಲಿ ಹಿಡಿದೆ. ಟೇಪು ಹಿಡಿದು ನಿಂತಿದ್ದ ಅಳತೆಯವನು ಪಾಪ, ಮರ್ಯಾದೆಯಿಂದಲೇ ಕೇಳಿದ, “ಇಲ್ಲೆಲ್ಲ ರಸ್ತೆ ಬರ್ತದೆ ಸರ್. ಸುಮ್ನೆ ಯಾಕೆ ಸಸಿ?”

ಅತ್ತೆಗೆ ಹುಚ್ಚು ಎಂದು ಹೇಳಲು ಬಾಯಿ ತೆರೆದೆ. ಹೊರಬಂದದ್ದೇ ಬೇರೆ.

“ಬಂದಾಗ ನೋಡುವಾ. ನೀವು ಸ್ವಲ್ಪ ಕಾಲು ತೆಗೀರಿ, ಮಣ್ಣು ಮುಚ್ಚಬೇಕು.”