ಎರಡೂ ಎಡತೋಳು

ಕಟಿಂಗ್ ಮಾಸ್ಟರರ ತಾತ ಒಂದು ಥಾನು ಬಟ್ಟೆಯಲ್ಲಿ ಬ್ಯಾಂಡಿನ ಹನ್ನೊಂದು ಮಂದಿಗೂ ಕೋಟು ಕತ್ತರಿಸಿ, ಉಳಿದ ಚೂರಿನಲ್ಲಿ ಡೋಲಿಗೂ ಗವಸು ತೆಗೆದವರು. ಅಪ್ಪ, ಗಿರಾಕಿ ಮೆಟ್ಟಿಲು ಹತ್ತುವಷ್ಟರಲ್ಲೇ ಕಣ್ಣಳತೆಯಲ್ಲಿ ಸೊಂಟ ಹೇಳುತ್ತಿದ್ದರು. ಟೇಪು ಹಿಡಿಯುವುದು ಬರೀ ಮರ್ಯಾದೆಗೆ. ಆ ಮನೆಯಲ್ಲಿ ತಪ್ಪು ಗೆರೆ ಎಳೆದವರಿಲ್ಲ ಎಂಬ ಮಾತು ಪೇಟೆಯ ದರ್ಜಿಗಳಿಗೆಲ್ಲ ಗೊತ್ತು. ಮಾಸ್ಟರರೂ ಆ ಮಾತಿನ ಬಲದಲ್ಲೇ ತಲೆಯೆತ್ತಿ ನಡೆದವರು.

ಬಟ್ಟೆಗೆ ಕತ್ತರಿ ಹಾಕುವ ಮುಂಚೆ ಅವರು ದೊಡ್ಡ ಹಾಳೆಯ ಮೇಲೆ ಬೆನ್ನು, ಎದೆ, ತೋಳು, ಕಾಲರುಗಳನ್ನು ಬಣ್ಣದ ಸೀಮೆಸುಣ್ಣದಲ್ಲಿ ಹೊಂದಿಸಿ ಬರೆಯುತ್ತಿದ್ದರು, ಇರುವೆ ನುಸುಳಲೂ ಜಾಗ ಬಿಡದೆ. ತೋಳಿನ ಅಚ್ಚನ್ನು ಒಮ್ಮೆ ಇಟ್ಟು ಗೆರೆ ಎಳೆದು, ಮಗುಚಿ ಇನ್ನೊಮ್ಮೆ ಇಡಬೇಕು. ಹೆಂಡತಿಗೆ ಹೆರಿಗೆ ನೋವು ಬಂದ ದಿನ ಮಗುಚಲು ಮರೆತರು. ಎರಡೂ ಎಡತೋಳಾದವು. ಕತ್ತರಿ ಎತ್ತಿದಾಗಲೇ ಕಂಡಿತು. ಹಾಳೆಯನ್ನು ಸುರುಳಿ ಸುತ್ತಿ, ತಮ್ಮ ಅಂಗಡಿಯಲ್ಲೇ ಹೊಲಿಯುತ್ತಿದ್ದ ಭಾವಮೈದನ ಕೈಗಿಟ್ಟು, "ಒಲೆಗೆ ಹಾಕಪ್ಪ, ಯಾರಿಗೂ ಹೇಳಬೇಡ" ಎಂದರು. "ಬೂದಿ ಆಯ್ತು ಭಾವ" ಎಂದು ಸಂಜೆ ಆತನೇ ಬಂದು ಹೇಳಿದ.

ಇಪ್ಪತ್ತಾರು ವರ್ಷದ ಮೇಲೆ, ಅಂದು ಹುಟ್ಟಿದ ಮಗಳ ಹೊಸ ಮನೆಯ ಗೋಡೆಗೆ ಏನಾದರೂ ಕೊಳ್ಳೋಣವೆಂದು ಮಾಸ್ಟರರು ಚಿತ್ರದಂಗಡಿಗೆ ಹೋದರು. ಅಲ್ಲಿ ಕಟ್ಟು ಹಾಕಿದ ಗಾಜಿನ ಹಿಂದೆ ಅದೇ ಹಾಳೆ, ತಲೆಕೆಳಗಾಗಿ.

"ಮಾಡರ್ನ್ ಆರ್ಟ್ ಸಾರ್. ನಿಮಗೇನು ಕಾಣುತ್ತೋ ಅದೇ ಅರ್ಥ," ಎಂದಳು ಅಂಗಡಿಯಾಕೆ.

"ನನಗೆ ತೋಳು ಕಾಣುತ್ತಮ್ಮ."

"ಕಾಣಬಹುದು ಸಾರ್. ನಿನ್ನೆ ಒಬ್ಬರಿಗೆ ಹಕ್ಕಿ ಕಂಡಿತ್ತು."

ಮೂಲೆಯಲ್ಲಿ ಸಹಿ. ಅಳತೆ ಪುಸ್ತಕದಲ್ಲಿ ದಿನಾ ನೋಡುವ, ಬಾಲ ಎಳೆದ ಅಕ್ಷರ, ಭಾವಮೈದನದೇ. ಕೊಂಡೊಯ್ದು ಮಾನ ಮುಚ್ಚಿಕೊಳ್ಳೋಣವೆಂದು ಮಾಸ್ಟರರು ಜೇಬಿಗೆ ಕೈಹಾಕಿದರು.

"ಇಂಥವು ಇನ್ನೂ ಇದಾವಾ?"

"ಎಷ್ಟು ಬೇಕು ಹೇಳಿ ಸಾರ್. ಪ್ರಿಂಟ್ ಅಲ್ವಾ."

ಚಿತ್ರವನ್ನು ಹೊತ್ತು ತಂದು ಭಾವಮೈದನ ಹೊಲಿಗೆ ಯಂತ್ರಕ್ಕೆ ಒರಗಿಸಿದರು. ಆತನ ಕಾಲು ಪೆಡಲಿನ ಮೇಲೇ ನಿಂತಿತು.

"ಸುಡೋಕೆ ಮನಸ್ಸು ಬರಲಿಲ್ಲ ಭಾವ. ಚೆನ್ನಾಗಿತ್ತು."

"ಸರಿಯಾದವು ಸಾವಿರ ಬರೆದಿದ್ದೀನಿ. ಅದ್ಯಾವುದೂ ಚೆನ್ನಾಗಿರಲಿಲ್ವಾ?"

"ಅವೆಲ್ಲ ಕೋಟು ಆದವು. ಇದು ಯಾವುದಕ್ಕೂ ಆಗಲಿಲ್ಲ, ಅದಕ್ಕೇ ಚಿತ್ರ ಅಚ್ಚು ಹಾಕೋರು ತಗೊಂಡ್ರು."

"ಸಹಿ?"

"ತಪ್ಪಿನ ಕೆಳಗೆ ನಿಮ್ಮ ಹೆಸರು ಬೇಡ ಅಂತ..."

"ದೊಡ್ಡ ಉಪಕಾರ."

ಮಾಸ್ಟರರು ಮೇಜಿನ ಮೇಲೆ ಬಟ್ಟೆ ಹಾಸತೊಡಗಿದರು. ಅಗಲ ಬಟ್ಟೆ, ಒಬ್ಬರ ಕೈಗೆ ಸುಕ್ಕು ಬಿಡುವಂಥದ್ದಲ್ಲ. ಭಾವಮೈದ ಎದ್ದು ಬಂದು ಆಚೆ ತುದಿಗೆ ಕೈಚಾಚಿದ.

"ಬಿಡು. ಇಷ್ಟು ವರ್ಷ ಆ ತುದಿ ನೀನು ಹಿಡ್ಕೊಂಡಿದ್ದೀಯ ಅಂತ ನಂಬಿ ಕತ್ತರಿ ಆಡಿಸಿದೆ. ಇನ್ಮೇಲೆ ಅಲ್ಲಿಗೆ ಇಸ್ತ್ರಿಪೆಟ್ಟಿಗೆ ಇಡ್ತೀನಿ. ಅದು ಇಟ್ಟ ಜಾಗ ಬಿಟ್ಟು ಕದಲಲ್ಲ."