ಇಪ್ಪತ್ತೇಳು ಅಂಗಡಿಗಳ ಬಾಗಿಲು

ಬೆಂಗೇರಿಯ ಅಮರೇಶನಿಗೆ ದೆವ್ವಗಳಲ್ಲಿ ನಂಬಿಕೆ ಇರಲಿಲ್ಲ. ಅಂಗಡಿಗಳಿಗೆ ವೆಬ್‌ಸೈಟ್ ಮಾಡಿಕೊಟ್ಟು ಹೊಟ್ಟೆ ಹೊರೆಯುವವನಿಗೆ ಗಿರಾಕಿಗಳ ಕಾಟವೇ ಸಾಕಾಗಿತ್ತು. ಆದರೂ ಈ ಸಲದ ಮಳೆಗಾಲ ಮುಗಿಯುವ ಹೊತ್ತಿಗೆ ಅವನು ಬೆಳಗಿನ ಏಳಕ್ಕೇ ಹಣೆಗೆ ವಿಭೂತಿಯನ್ನು ತುಸು ಗಟ್ಟಿಯಾಗಿ ಬಳಿದುಕೊಂಡು ಕಂಪ್ಯೂಟರಿನ ಮುಂದೆ ಕೂಡತೊಡಗಿದ್ದ. ಏಳೂ ಹತ್ತಕ್ಕೆ ಯಾರೋ ಬರುತ್ತಿದ್ದರು.

ಹುಬ್ಬಳ್ಳಿಯ ದುರ್ಗದಬೈಲಿನಲ್ಲಿ, ಪಾತ್ರೆ ಅಂಗಡಿಯೊಂದರ ಮೇಲಿನ ಕೋಣೆಯಲ್ಲಿ ಅಮರೇಶ ಮತ್ತು ಮಕಬೂಲಸಾಬ ಹದಿನಾಲ್ಕು ವರ್ಷ ಕೂಡಿ ಕೆಲಸ ಮಾಡಿದ್ದರು. ಸಾಬರು ಮೊದಲು ಪ್ರೆಸ್ಸಿನಲ್ಲಿ ಲಗ್ನಪತ್ರಿಕೆ ಜೋಡಿಸುತ್ತಿದ್ದವರು. ಅಮರೇಶನಿಗೆ ಕೆಲಸ ಕಲಿಸಿದವರೂ ಅವರೇ. ಯಾವುದೇ ಅಂಗಡಿಯ ವೆಬ್‌ಸೈಟ್ ಮಾಡುವ ಮುಂಚೆ ಒಂದು ದಿನವಿಡೀ ಹೋಗಿ ಆ ಅಂಗಡಿಯ ಮೂಲೆಯಲ್ಲಿ ಕೂತು ಬರುತ್ತಿದ್ದರು. ಹಾಗಾಗಿ ಹಗ್ಗದ ಅಂಗಡಿಯ ಪುಟಕ್ಕೆ ಸುತ್ತಲೂ ಹೆಣೆದ ಹಗ್ಗದ ಅಂಚು ಬಂತು, ಕಾಳಿನ ದಲಾಲಿ ಅಂಗಡಿಗೆ ಕಡಲೆಬೇಳೆಯ ಹಳದಿ ಬಂತು. ಗರಗದ ಖಾದಿ ಅಂಗಡಿಯ ಪುಟ ತೆರೆದರೆ ಚರಕವೊಂದು ಒಂದು ಸುತ್ತು ತಿರುಗಿ ನಿಲ್ಲುತ್ತಿತ್ತು. ಎಲ್ಲದರಲ್ಲೂ ಲಗ್ನಪತ್ರಿಕೆಯ ಸಡಗರ ಇಣುಕುತ್ತಿತ್ತು ಅನ್ನುವುದು ನಿಜ. ಮೊಬೈಲಿನಲ್ಲಿ ನೋಡಿದರೆ ಅರ್ಧ ಹಗ್ಗ ಪರದೆಯ ಆಚೆಗೇ ಉಳಿಯುತ್ತಿತ್ತು.

ಅವರದೊಂದು ರೂಢಿ ಇತ್ತು. ಧಾರವಾಡದ ಕೆಲಗೇರಿಯ ಮನೆಯಲ್ಲಿ ದಿನಾ ಬೆಳಗ್ಗೆ ಏಳೂ ಹತ್ತಕ್ಕೆ ಚಹಾ ಕುಡಿಯುತ್ತ, ತಾವು ಮಾಡಿದ ಇಪ್ಪತ್ತೇಳು ವೆಬ್‌ಸೈಟುಗಳನ್ನೂ ಒಂದೊಂದಾಗಿ ತೆರೆದು ನೋಡುತ್ತಿದ್ದರು. ಮೊದಲು ಕಾಳಿನ ದಲಾಲಿ, ಆಮೇಲೆ ಹಗ್ಗ, ಕೊನೆಗೆ ಗರಗದ ಖಾದಿ. ಈ ಕ್ರಮ ಒಂದು ದಿನವೂ ತಪ್ಪಿದ್ದಿಲ್ಲ. ಶುಕ್ರವಾರ ಮಾತ್ರ ಅರ್ಧ ತಾಸು ತಡ. ಆಮೇಲೆ ಹುಬ್ಬಳ್ಳಿಯ ಬಸ್ಸು ಹತ್ತಿ ಬಂದು, ಎಲ್ಲ ಅಂಗಡಿಗಳ ಬಾಗಿಲು ತೆಗೆದು ಬಂದೆ ಎಂದು ಅಮರೇಶನಿಗೆ ವರದಿ ಒಪ್ಪಿಸುತ್ತಿದ್ದರು.

ಅಷ್ಟರಲ್ಲಿ ಕಾಲ ಬದಲಾಯಿತು. ಅಂಗಡಿಯ ಬಗ್ಗೆ ನಾಲ್ಕು ಸಾಲು ಬರೆದುಕೊಟ್ಟರೆ ಅರ್ಧ ತಾಸಿನಲ್ಲಿ ಪುಟ, ಚಿತ್ರ, ಮಾತು ಎಲ್ಲವನ್ನೂ ಜೋಡಿಸಿಕೊಡುವ ಎಐ ಸಾಧನ ಬಂತು. ಅಮರೇಶ ಅದನ್ನು ತೋರಿಸಿದಾಗ ಸಾಬರು ಬಹಳ ಹೊತ್ತು ನೋಡಿದರು.

“ಅಂಗಡಿ ಮೆಟ್ಟಲಾನ ಏರಿಲ್ಲಲ್ಲೋ ಇದು,” ಅಂದರು. “ನಾ ಇರೂತನಕಾ ಬ್ಯಾಡ.”

ಅಮರೇಶ ಅದನ್ನು ಬದಿಗಿಟ್ಟ. ಜನವರಿಯಲ್ಲಿ ಸಾಬರು ಎದೆನೋವು ಬಂದು ತೀರಿಕೊಂಡರು. ನಲವತ್ತನೆಯ ದಿನದ ಊಟಕ್ಕೆ ಅಮರೇಶ ಕೆಲಗೇರಿಗೆ ಹೋದಾಗ, ಅದಕ್ಕೂ ವಾರದ ಹಿಂದೆಯೇ ದಲಾಲಿ ಅಂಗಡಿಯನ್ನು ಹೊಸ ಸಾಧನಕ್ಕೆ ಹಾಕಿಯಾಗಿತ್ತು. ಅರ್ಧ ಊಟಕ್ಕೇ ಎದ್ದು ಬಂದ. ಅಂದಿನಿಂದ ಅವನು ಆ ಮನೆಯ ಕಡೆ ಹಾಯಲಿಲ್ಲ.

ವ್ಯಾಪಾರಿಗಳಿಗೇನೋ ಖುಷಿಯೇ. ಹೊಸ ಪುಟ ಮೊಬೈಲಿನಲ್ಲಿ ಚೊಕ್ಕಟವಾಗಿ ಕಾಣುತ್ತಿತ್ತು, ಹಗ್ಗದ ಅಂಗಡಿಗೆ ಗದಗ, ಹಾವೇರಿಯಿಂದಲೂ ಫೋನುಗಳು ಬರತೊಡಗಿದ್ದವು. ಮಳೆಗಾಲ ಮುಗಿಯುವಷ್ಟರಲ್ಲಿ ಇಪ್ಪತ್ತಾರು ಮುಗಿದವು. ಉಳಿದದ್ದು ಗರಗದ ಖಾದಿ ಒಂದೇ. ಅದು ಕೂತಿದ್ದ ಹಳೆಯ ಸರ್ವರ್ ತಿಂಗಳ ಕೊನೆಗೆ ಮುಚ್ಚುವುದಿತ್ತು. ಅಷ್ಟರೊಳಗೆ ಅದನ್ನೂ ಬದಲಿಸಬೇಕು.

ಹೊಸ ಸಾಧನ ಯಾರು ಎಷ್ಟು ಹೊತ್ತಿಗೆ ಬಂದರೆಂದು ಪಟ್ಟಿ ಕೊಡುತ್ತಿತ್ತು. ಅದನ್ನು ಓದುವಾಗಲೇ ಅಮರೇಶ ಇದನ್ನು ಕಂಡದ್ದು. ಧಾರವಾಡದಿಂದ ಒಬ್ಬರು, ಏಳೂ ಹತ್ತಕ್ಕೆ ದಲಾಲಿ ಅಂಗಡಿಗೆ. ನಿಮಿಷ ಬಿಟ್ಟು ಹಗ್ಗದ ಅಂಗಡಿಗೆ. ಹಾಗೆಯೇ ಸಾಲಾಗಿ ಇಪ್ಪತ್ತಾರೂ. ಶುಕ್ರವಾರ ಅರ್ಧ ತಾಸು ತಡ. ಖಾದಿ ಅಂಗಡಿಯ ಹಳೆಯ ಲೆಕ್ಕ ತೆಗೆದು ನೋಡಿದ: ಸಾಬರು ತೀರಿಕೊಂಡಾಗಿನ ಮೂರು ದಿನ ಬಿಟ್ಟರೆ ಒಂದು ಬೆಳಗೂ ತಪ್ಪಿರಲಿಲ್ಲ.

ಒಂಬತ್ತು ದಿನ ಹೀಗೇ ಕಾದು ಕೂತು ನೋಡಿದ. ಬೈಯಲು ಬಂದವರಂತೆ ದಿನಾ ಬಂದು, ಒಂದೂ ಮಾತಾಡದೆ ಹೋಗುತ್ತಿದ್ದರು. ತಾನು ಮಾಡಿದ್ದನ್ನೆಲ್ಲ ಸಾಬರು ನೋಡುತ್ತಿದ್ದಾರೆ ಎಂಬುದು ಅವನಿಗೆ ಖಾತ್ರಿಯಾಗಿಬಿಟ್ಟಿತು. ಹತ್ತನೆಯ ದಿನ ನಸುಕಿನಲ್ಲೇ ಬೈಕು ಹತ್ತಿ ಕೆಲಗೇರಿಗೆ ಹೋದ.

ಬಾಗಿಲು ತೆರೆದೇ ಇತ್ತು. ಪಡಸಾಲೆಯ ಹಳೆಯ ಕಂಪ್ಯೂಟರಿನ ಮುಂದೆ ಸಾಬರ ಕುರ್ಚಿಯಲ್ಲಿ ಅವರ ಹೆಂಡತಿ ಹಾಜರಾಬಿ ಕೂತಿದ್ದರು. ಪಕ್ಕದಲ್ಲಿ ಚಹಾ.

“ಬಂದೇನಪಾ? ಕೂಡು,” ಅಂದರು. “ಬಾಗಲಾ ಎಲ್ಲಾ ತಗದು ಚಾ ಮಾಡ್ತೇನಿ.”

ಹದಿನಾಲ್ಕು ವರ್ಷ ಗಂಡನಿಗೆ ಬೆಳಗಿನ ಚಹಾ ಕೊಟ್ಟು, ಪಕ್ಕದಲ್ಲಿ ನಿಂತು, ಅವರು ಪ್ರತಿ ಅಂಗಡಿಯ ಸುದ್ದಿ ಹೇಳುವುದನ್ನು ಕೇಳಿದವರು ಆಕೆ. ಬೆಳಗ್ಗೆ ಯಾರಾದರೂ ಪುಟ ತೆರೆಯದಿದ್ದರೆ ಅಂಗಡಿ ತೆರೆಯುವುದಿಲ್ಲ ಎಂದು ಸಾಬರು ತಮಾಷೆಗೆ ಹೇಳಿದ್ದನ್ನು ಆಕೆ ಕೆಲಸದಂತೆ ಹಿಡಿದಿದ್ದರು. ಆಕೆಗೆ ಉರ್ದು ಬಿಟ್ಟರೆ ಬೇರೆ ಅಕ್ಷರ ಬಾರದು. ಸಾಬರು ಮಾಡಿಟ್ಟ ಪಟ್ಟಿಯನ್ನು ಮೇಲಿನಿಂದ ಕೆಳಗೆ ಒತ್ತುತ್ತ ಹೋಗುವುದು, ಬಣ್ಣ ನೋಡಿ, ಹಗ್ಗ ನೋಡಿ, ಯಾರ ಅಂಗಡಿ ಎಂದು ತಿಳಿಯುವುದು.

“ಒಂದೊಂದ ಮುಚ್ಚಕೋತ ಹೊಂಟಾವ,” ಅಂದರು. “ಅವರು ಹೋದಮ್ಯಾಲೆ ಎಲ್ಲಾರೂ ಅಂಗಡಿ ಮುಚ್ಯಾರೇನು?”

ಯಾರೂ ಮುಚ್ಚಿಲ್ಲವೆಂದು ಅಮರೇಶ ಹೇಳಿದ. ವ್ಯಾಪಾರ ಮೊದಲಿಗಿಂತ ಚೆನ್ನಾಗಿದೆ, ಮುಖ ಬದಲಾಗಿದೆ ಅಷ್ಟೇ, ಬದಲಿಸಿದವನು ತಾನೇ ಎಂದ. ಹಾಜರಾಬಿ ಸಿಟ್ಟಾಗಲಿಲ್ಲ. ಒಂದು ಪುಟ ತೆರೆದು ಯಾರದೆಂದು ಕೇಳಿದರು. ಅವನು ಓದಲು ಬಗ್ಗುತ್ತಲೇ ಹೆಸರಿನ ಮೇಲೆ ಅಂಗೈ ಇಟ್ಟರು.

“ಓದಬ್ಯಾಡ. ನೋಡಿ ಹೇಳು.”

ಅಮರೇಶ ನೋಡಿದ. ಬಿಳಿ ಹಿನ್ನೆಲೆ, ನೀಲಿ ಗುಂಡಿ, ಹುಬ್ಬಳ್ಳಿಯನ್ನು ಕನಸಿನಲ್ಲೂ ಕಾಣದ ನಾಲ್ಕು ಜನ ನಗುತ್ತ ಕೈಕುಲುಕುತ್ತಿದ್ದರು. ಇದನ್ನು ಮಾಡಿದವನು ತಾನೇ. ಊಹಿಸಿ, ಹಗ್ಗದವರದು ಎಂದ. ಆಕೆ ಕೈ ತೆಗೆದರು. ಅಲ್ಲಿದ್ದದ್ದು ದಲಾಲಿ ಅಂಗಡಿಯ ಹೆಸರು. ಆಕೆಗೆ ಆ ಹೆಸರು ಓದಲು ಬರುತ್ತಿರಲಿಲ್ಲ; ಅವನು ತಪ್ಪಿದನೆಂದು ಅವನ ಮುಖ ನೋಡಿ ತಿಳಿದುಕೊಂಡರು.

ಉಳಿದವನ್ನು ಆಕೆ ಅಂದು ತೆರೆಯಲಿಲ್ಲ. ನೇರವಾಗಿ ಪಟ್ಟಿಯ ಕೊನೆಗೆ ಹೋಗಿ ಒತ್ತಿದರು. ಚರಕ ಒಂದು ಸುತ್ತು ತಿರುಗಿತು. ಅದು ನಿಲ್ಲುವ ತನಕ ಇಬ್ಬರೂ ನೋಡಿದರು.

“ಇವರ ಅಂಗಡಿಯೊಂದರ ಉಳದೈತಲ್ಲ,” ಅಂದರು ಹಾಜರಾಬಿ.

ತಿಂಗಳ ಕೊನೆಗೆ ಇದೂ ಹೋಗುತ್ತದೆ ಎಂಬುದನ್ನು ಅಮರೇಶ ತನ್ನಲ್ಲೇ ಇಟ್ಟುಕೊಂಡ. ಚಹಾ ಬಂತು, ಅದನ್ನು ಕುಡಿದು ಎದ್ದು ಬಂದ.

ಗರಗದ ಪುಟವನ್ನು ಅವನು ಹೊಸ ಸಾಧನಕ್ಕೆ ಕೊಡಲಿಲ್ಲ. ಹಳೆಯದನ್ನು ಹಾಗೇ ಎತ್ತಿಟ್ಟರೆ ನಡೆಯದ ಕಾರಣ, ನಾಲ್ಕು ದಿನ ಬೇರೆ ಕೆಲಸ ಬಿಟ್ಟು, ಸಾಬರು ಬರೆದಂತೆಯೇ ಸಾಲು ಸಾಲಾಗಿ ಕೈಯಿಂದ ಬರೆದು ಬೇರೆ ಸರ್ವರಿನಲ್ಲಿ ಇಟ್ಟ. ಚರಕ ಮೊದಲಿನ ಹಾಗೆಯೇ ತಿರುಗಿ ನಿಂತಿತು.

ಹೊಸ ತಿಂಗಳ ಮೊದಲ ದಿನ ಏಳೂ ಹತ್ತಕ್ಕೆ ಧಾರವಾಡದಿಂದ ಒಬ್ಬರು ಬಂದರು, ಗರಗದ ಖಾದಿ ಅಂಗಡಿಗೆ. ಉಳಿದವುಗಳಿಗೆ ಬರುತ್ತಾರೇನೋ ಎಂದು ಅಮರೇಶ ಎಂಟರವರೆಗೂ ಕಾದ. ಯಾರೂ ಬರಲಿಲ್ಲ. ಇಷ್ಟು ದಿನ ಬರುತ್ತಾರೆಂದು ಹೆದರಿದವನಿಗೆ ಈಗ ಬರದಿರುವುದೇ ತಡೆಯಲಾರದಾಯಿತು. ಆಗ ತಾನೇ ಒಂದೊಂದಾಗಿ ತೆರೆಯತೊಡಗಿದ. ಮೊದಲು ದಲಾಲಿ, ಆಮೇಲೆ ಹಗ್ಗ. ನಾಲ್ಕನೆಯದಕ್ಕೆ ಬರುವಷ್ಟರಲ್ಲಿ ಸಾಬರ ಕ್ರಮ ಮರೆತುಹೋಯಿತು, ಕೈಗೆ ಸಿಕ್ಕ ಪುಟ ತೆರೆದು, ಅದು ಯಾರದೆಂದು ತಿಳಿಯಲು ಹೆಸರು ಓದಿದ.