ಹಣೆಗೊತ್ತಿದ ಕೈ

ಫಿಲಿಪ್ಪೀನ್ಸ್ ದೇಶದ ಆ ಹುಡುಗಿ ಮಂಚದ ಪಕ್ಕ ಬಗ್ಗಿ, ನಮ್ಮತ್ತೆಯ ಬಲಗೈ ಎತ್ತಿ ತನ್ನ ಹಣೆಗೆ ಒತ್ತಿಕೊಂಡಳು. ಅತ್ತೆ ಗಾಬರಿಯಾಗಿ, "ಜ್ವರ ಬಂದದೇನಮ್ಮಿ? ಮೈ ತಣ್ಣಗದೆ ಬುಡು!" ಅಂದರು.

ದುಬೈನ ಹೋಟೆಲಿನಲ್ಲಿರುವ ನನ್ನ ಮೈದುನನ ಮಗ ಮಹೇಶ, ಜೊತೆಯಲ್ಲಿ ಕೆಲಸ ಮಾಡುತ್ತಿದ್ದ ಇವಳನ್ನು ಮದುವೆಯಾಗಿ, ಅಜ್ಜಿಗೆ ತೋರಿಸಲು ತೆರಕಣಾಂಬಿಗೆ ಕರೆತಂದಿದ್ದ. ಅವನು ನಕ್ಕು, "ಜ್ವರ ಅಲ್ಲ ಕಣಜ್ಜಿ. ಅವ್ರ ದೇಸದಲ್ಲಿ ದೊಡ್ಡೋರ ಆಸೀರ್ವಾದವ ಇಂಗೇ ತಕ್ಕಳದು" ಎಂದ.

ಅತ್ತೆಯ ಕಣ್ಣು ತುಂಬಿತು. "ನನ್ನವ್ವ ಕಣಮ್ಮಿ ನೀನು" ಎಂದು ಅವಳ ಕೆನ್ನೆ ಸವರಿ ಲಟಿಕೆ ಮುರಿದರು.

ನನಗೆ ಹೊಟ್ಟೆ ಉರಿದುಹೋಯಿತು. ಅತ್ತೆ ಹಾಸಿಗೆ ಹಿಡಿದಾಗಿನಿಂದ ಮೀಯಿಸಿ, ಗಂಜಿ ಕುಡಿಸಿ, ವಿಭೂತಿ ಇಟ್ಟು ಲಿಂಗಪೂಜೆಗೆ ಕೂರಿಸುವವಳು ನಾನು. ಹಬ್ಬಕ್ಕೆ ಕಾಲಿಗೆ ಬಿದ್ದರೆ "ಊಂ, ಏಳು" ಅನ್ನುವುದಷ್ಟೇ ನನಗೆ ಸಿಗುತ್ತಿದ್ದದ್ದು. ನಿನ್ನೆ ಬಂದವಳಿಗೆ ಅವ್ವನ ಪಟ್ಟ! ಕಾಫಿ ಲೋಟಗಳನ್ನು ಕುಕ್ಕಿಯೇ ಇಟ್ಟೆ. ಅವಳು ನನ್ನ ಕೈಯನ್ನೂ ಹಿಡಿಯಲು ಬಂದಾಗ, ಹಿಟ್ಟಿನ ಕೈ ಎಂದು ನೆವ ಹೇಳಿ ಸರಿದೆ.

ಅವರು ಹೊರಟ ಮೇಲೆ ಅತ್ತೆ ನನ್ನತ್ತ ಕೈ ಚಾಚಿದರು. ಬಾಯಾರಿಕೆ ಇರಬೇಕೆಂದು ಚೊಂಬು ತಂದೆ.

"ನೀರು ಬ್ಯಾಡ ಕಣಮ್ಮಿ. ನೀನೂ ಬಾ, ಆ ಉಡ್ಗಿ ಮಾಡ್ದಂಗೆ ಮಾಡು."

ಬಗ್ಗಿದೆ. ದಿನವೂ ನಾನೇ ತೊಳೆಯುವ ಕೈ ಅದು. ನನ್ನ ಹಣೆ ಮುಟ್ಟಿದ್ದು ಅವತ್ತೇ ಮೊದಲು. ಆ ಹುಡುಗಿಯ ಮೇಲಿನ ಹೊಟ್ಟೆಕಿಚ್ಚು ಪೂರ್ತಿ ಆರಿಲ್ಲ, ಸುಳ್ಳೇಕೆ ಹೇಳಲಿ. ಅತ್ತೆ ನನ್ನನ್ನು ಅವ್ವ ಅನ್ನಲೂ ಇಲ್ಲ. ಆದರೆ ಕೈ ತೆಗೆಯಲು ಅವರು ಅವಸರ ಮಾಡಲಿಲ್ಲ. ಅಷ್ಟನ್ನು ಶಿವ ಕೊಟ್ಟ.